ಮೊದಲು ನಿಲ್ಲುವುದು ನಡುಕ

ಹಳೆಯ ವಾಲ್ವ್ ಗಿಟಾರ್ ಆಂಪ್ಲಿಫೈಯರ್ ಕೈಕೊಡುವಾಗ ಒಮ್ಮೆಲೇ ಮೂಕವಾಗುವುದು ಕಡಿಮೆ. ಸ್ವರ ಬರುತ್ತಿರುತ್ತದೆ, ವಾಲ್ಯೂಮ್ ತಿರುಗಿಸಿದರೆ ಏರುತ್ತದೆ, ಇಳಿಯುತ್ತದೆ. ಆದರೆ ಸ್ವರದ ಬೆನ್ನಿಗೆ ಗುಡಿಯೊಳಗಿನಂತೆ ಗುಂಯ್‌ಗುಡುತ್ತಿದ್ದ ಅನುರಣನ ಕಾಣೆಯಾಗಿರುತ್ತದೆ, ಇಲ್ಲವೆ ಸ್ವರವನ್ನು ಅಲೆಯಲೆಯಾಗಿ ತೂಗುತ್ತಿದ್ದ ನಡುಕ ನಿಂತಿರುತ್ತದೆ. ಮೊದಲನೆಯದು ರಿವರ್ಬ್, ಎರಡನೆಯದು ಟ್ರೆಮೊಲೊ. ಹೀಗಾದಾಗ ಏನು ಮಾಡಬೇಕು ಎಂಬುದಕ್ಕೆ ಬಲ್ಲವರಲ್ಲಿ ಮೂರು ಪಂಥಗಳಿವೆ. ಮುಚ್ಚಳ ತೆಗೆದದ್ದೇ ತೆಗೆದದ್ದು, ಹಳೆಯ ಕಂಡೆನ್ಸರುಗಳನ್ನೆಲ್ಲ ಕಿತ್ತು ಹೊಸತು ಹಾಕಿಬಿಡಿ ಎನ್ನುವವರು ಒಂದು ಕಡೆ. ಹಳೆಯ ಮಾಲಿನ ಒಂದು ಬೆಸುಗೆ ಮುಟ್ಟಿದರೂ ಬೆಲೆ ಹೋಯಿತು ಎನ್ನುವ ಸಂಗ್ರಾಹಕರು ಇನ್ನೊಂದು ಕಡೆ. ಇಷ್ಟೆಲ್ಲ ರಗಳೆ ಯಾಕೆ, ಡಿಜಿಟಲ್ ಪೆಡಲ್ ಒಂದನ್ನು ತಂದು ಕಾಲಬಳಿ ಇಟ್ಟರಾಯಿತು ಎನ್ನುವವರು ಮತ್ತೊಂದು ಕಡೆ. ಮೂವರ ಮಾತಿನಲ್ಲೂ ಒಂದಿಷ್ಟು ಹುರುಳಿದೆ, ಮೂವರೂ ಎಡವುವುದು ಒಂದೇ ಕಲ್ಲಿಗೆ. ರಿವರ್ಬ್, ಟ್ರೆಮೊಲೊಗಳನ್ನು ಅವರು ಆಂಪ್ಲಿಫೈಯರಿಗೆ ತೊಡಿಸಿದ ಒಡವೆಗಳೆಂದು ಎಣಿಸುತ್ತಾರೆ. ಇವೆರಡೂ ತೀರಾ ಕಡಿಮೆ ಮಿಗುತೆಯಲ್ಲಿ ದಿನದೂಡುವ ಸರ್ಕ್ಯೂಟುಗಳು, ಉಳಿದ ಭಾಗಗಳಿಗೆ ಇನ್ನೂ ಗೊತ್ತಾಗದ ರೋಗ ಇವಕ್ಕೆ ಮೊದಲು ತಾಗುತ್ತದೆ ಎಂಬುದು ಈ ಲೇಖನದ ವಾದ. ಹಾಗಿದ್ದ ಮೇಲೆ ನಾಡಿ ಹಿಡಿದು ನೋಡದೆ ಮೈಗೆಲ್ಲ ಔಷಧಿ ಸವರುವುದೂ ತಪ್ಪು, ನಾಡಿಯನ್ನೇ ಬಟ್ಟೆಯಲ್ಲಿ ಮುಚ್ಚುವುದೂ ತಪ್ಪು.

ಈ ವಾದವನ್ನು ಒರೆಗೆ ಹಚ್ಚಲು ಬೆಂಗಳೂರಿನ ಹವಾನಿಯಂತ್ರಿತ ಸ್ಟುಡಿಯೊಗಿಂತ ರೊದ್ದಂ ಒಳ್ಳೆಯ ಜಾಗ. ಹಿಂದೂಪುರದ ಉತ್ತರಕ್ಕೆ, ಪೆನ್ನೆ ನದಿಯ ಬದಿಯ ಊರು ಅದು. ಒಂದು ಪಕ್ಕದಲ್ಲಿ ಪಾವಗಡ, ಇನ್ನೊಂದು ಪಕ್ಕದಲ್ಲಿ ಪೆನುಕೊಂಡ, ಮೇಲುಗಡೆ ಕಲ್ಯಾಣದುರ್ಗ. 2022ರಲ್ಲಿ ಜಿಲ್ಲೆಗಳನ್ನು ಒಡೆದಾಗ ರೊದ್ದಂ, ಹಿಂದೂಪುರಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇಲ್ಲೇ ಮಡಕಶಿರಾ ಕಡೆಗಿದೆ. ಅಲ್ಲಿನ ಕಲ್ಲುಗಳ ಮೇಲಿರುವುದು ಕನ್ನಡ. ಇವತ್ತು ಸಂತೆಯಲ್ಲಿ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯಬಹುದು, ತಿರುವುಮುರುವೂ ಆಗಬಹುದು. ಆದರೆ ರೇಡಿಯೊ ರಿಪೇರಿಯ ಮೇಜಿನ ಮೇಲೆ ಎರಡು ಭಾಷೆಗೂ ಜಗಳವಿಲ್ಲ: ಕಂಡೆನ್ಸರ್, ಕಾಯಿಲ್, ಸಾಲ್ಡರ್, ಹಮ್ಮಿಂಗ್ ಎರಡರಲ್ಲೂ ಒಂದೇ. ಈ ಸೀಮೆಯಲ್ಲಿ ವಿಂಟೇಜ್ ಗಿಟಾರ್ ಆಂಪ್ಲಿಫೈಯರ್ ಓಣಿಗೊಂದು ಇರುವ ವಸ್ತುವಲ್ಲ. ಓಣಿಗೊಂದು ಇರುವುದು ಮೈಕ್‌ಸೆಟ್. ಜಾತ್ರೆ, ಮದುವೆ, ಪೌರಾಣಿಕ ನಾಟಕ, ಗಣೇಶನ ಹಬ್ಬದ ಆರ್ಕೆಸ್ಟ್ರಾ, ಚರ್ಚಿನ ಹಾಡುಗಾರಿಕೆ ಎಲ್ಲಕ್ಕೂ ಅದೇ ದಿಕ್ಕು. ಗಿಟಾರ್ ಇಲ್ಲಿಗೆ ಬಂದದ್ದು ಸಿನಿಮಾ ಹಾಡಿನ ಬೆನ್ನು ಹತ್ತಿ ಮತ್ತು ರೈಲು ಹತ್ತಿ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದವರು ಮುಂದೆ ಇಳಯರಾಜ ಎಂದು ಹೆಸರಾದರು. ಆ ಕಾಲದ ಕನ್ನಡ ಹಾಡುಗಳನ್ನು ಊರೂರಿನ ಆರ್ಕೆಸ್ಟ್ರಾಗಳು ನುಡಿಸಬೇಕಾದರೆ ಗಿಟಾರ್ ಬೇಕೇ ಬೇಕಿತ್ತು. ಇತ್ತ ಬೆಂಗಳೂರಿನಿಂದ ಹಿಂದೂಪುರ, ಧರ್ಮಾವರ ಹಾಯ್ದು ಹೋಗುವ ರೈಲುದಾರಿಯ ತುದಿಯಲ್ಲಿ ಗುಂತಕಲ್ಲಿನ ರೈಲ್ವೆ ಕಾಲೊನಿ, ಅಲ್ಲಿ ಗಿಟಾರ್ ನುಡಿಯುತ್ತಿದ್ದ ಆಂಗ್ಲೊ ಇಂಡಿಯನ್ ಮನೆಗಳು. ಹಳೆಯ ಆಂಪ್ಲಿಫೈಯರುಗಳಿಗೆ ಕೆಡುಕಾದ ಮೂರೂ ಸಂಗತಿಗಳು, ಅಂದರೆ ಕಾವು, ಧೂಳು, ಏರಿಳಿಯುವ ಕರೆಂಟು, ಈ ಸೀಮೆಯಲ್ಲಿ ಧಾರಾಳವಾಗಿವೆ. ಬಿಡಿಭಾಗದ ಅಂಗಡಿ ನೂರು ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿದೆ. ಸುಮ್ಮನೆ ಎಲ್ಲವನ್ನೂ ಬದಲಿಸುವ ಐಷಾರಾಮ ಇಲ್ಲದ ಕಡೆ, ಯೋಚಿಸಿ ರಿಪೇರಿ ಮಾಡುವುದು ಅನಿವಾರ್ಯವಾಗುತ್ತದೆ.

ಮೊದಲು ಹೆಸರುಗಳ ಗೊಂದಲ ಕಳೆಯಬೇಕು. ನಮ್ಮ ಕಡೆ ರಿವರ್ಬ್‌ಗೂ ಎಕೋ ಎಂದೇ ಹೇಳುತ್ತಾರೆ. ಕಿವಿ ಇವೆರಡನ್ನೂ ಬೇರೆಬೇರೆಯಾಗಿಯೇ ಕೇಳುತ್ತದೆ. ವಿಜಯಪುರದ ಗೋಲಗುಮ್ಮಟದ ಮೇಲಂತಸ್ತಿನಲ್ಲಿ ಚಪ್ಪಾಳೆ ತಟ್ಟಿದರೆ ಚಪ್ಪಾಳೆ ಬಿಡಿಬಿಡಿಯಾಗಿ ಮರಳುತ್ತದೆ, ಅದನ್ನು ಎಣಿಸಬಹುದು, ಅದು ಎಕೋ. ಲೇಪಾಕ್ಷಿಯ ಕಲ್ಲಿನ ಮಂಟಪದಂಥ ಕಡೆ ಮಾತಾಡಿದರೆ ಮರಳುವ ಸದ್ದುಗಳು ಒಂದರ ಮೇಲೊಂದು ಬಿದ್ದು ಎಣಿಕೆಗೆ ಸಿಗದೆ ಬಾಲದಂತೆ ಎಳೆದುಕೊಳ್ಳುತ್ತವೆ, ಅದು ರಿವರ್ಬ್. ಟ್ರೆಮೊಲೊದ ಗೊಂದಲ ಇದಕ್ಕಿಂತ ಹಳೆಯದು, ಮತ್ತು ಅದನ್ನು ಹುಟ್ಟುಹಾಕಿದ್ದು ಗಿಟಾರ್ ಕಂಪನಿಯೇ. ಫೆಂಡರ್ ಕಂಪನಿ 1954ರ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನಲ್ಲಿ ಶ್ರುತಿಯನ್ನೇ ಅಲುಗಿಸುವ ಹಿಡಿಕೆಗೆ ಟ್ರೆಮೊಲೊ ಎಂದು ಕರೆಯಿತು. ಆಂಪ್ಲಿಫೈಯರಿನಲ್ಲಿ ಸದ್ದಿನ ಗಾತ್ರವನ್ನು ಏರಿಳಿಸುವ ಸರ್ಕ್ಯೂಟಿಗೆ ವೈಬ್ರಾಟೊ ಎಂದು ಬರೆಯಿತು. ಎರಡೂ ಅದಲುಬದಲು. ಕಂಪಿತ ಗಮಕವನ್ನು ಕೇಳಿ ಬೆಳೆದ ಕಿವಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ: ಕಂಪಿತದಲ್ಲಿ ಅಲುಗುವುದು ಸ್ವರಸ್ಥಾನ, ಟ್ರೆಮೊಲೊದಲ್ಲಿ ಸ್ವರ ನಿಂತಲ್ಲೇ ನಿಂತು ದೊಡ್ಡದಾಗಿ ಚಿಕ್ಕದಾಗಿ ಉಸಿರಾಡುತ್ತದೆ. ಆದ್ದರಿಂದ ಪ್ಯಾನೆಲ್ ಮೇಲೆ ವೈಬ್ರಾಟೊ ಎಂದು ಬರೆದಿದ್ದರೂ ಶ್ರುತಿ ಅಲುಗುತ್ತಿಲ್ಲವಲ್ಲ ಎಂದು ದೋಷ ಹುಡುಕಹೊರಟವರು ಇಲ್ಲದ ರೋಗಕ್ಕೆ ಮದ್ದು ಅರೆಯುತ್ತಿದ್ದಾರೆ.

ರಿವರ್ಬ್‌ನ ಮೂಲ ಅಮೆರಿಕದ ದೂರವಾಣಿ ಪ್ರಯೋಗಶಾಲೆಯಲ್ಲಿದೆ. ದೂರದ ಟೆಲಿಫೋನ್ ಕರೆಯಲ್ಲಿ ಆಗುವ ವಿಳಂಬವನ್ನು ಮೇಜಿನ ಮೇಲೆ ಅನುಕರಿಸಲು ಬೆಲ್ ಲ್ಯಾಬ್ಸ್‌ನವರು ಸ್ಪ್ರಿಂಗ್ ಬಳಸಿದರು. ಲಾರೆನ್ಸ್ ಹ್ಯಾಮಂಡ್ ಅದನ್ನು ತನ್ನ ಆರ್ಗನ್ ವಾದ್ಯಕ್ಕೆ ತಂದ, ಮನೆಯ ಪಡಸಾಲೆಯಲ್ಲೂ ಚರ್ಚಿನ ಗುಂಯ್‌ಕಾರ ಬೇಕು ಎನ್ನುವ ಗಿರಾಕಿಗಳಿಗಾಗಿ. 1960ರ ದಶಕದ ಆರಂಭದಲ್ಲಿ ಅದು ಗಿಟಾರ್ ಆಂಪ್ಲಿಫೈಯರಿನ ಹೊಟ್ಟೆಗೆ ಇಳಿಯಿತು. ಫೆಂಡರ್‌ನ ವೈಬ್ರೊವರ್ಬ್ 1963ರದು. ಕೆಲಸ ಮಾಡುವ ಬಗೆ ಹೀಗೆ: ಗಿಟಾರಿನ ಸಂಕೇತದ ಒಂದು ಪಾಲನ್ನು ಒಂದು ವಾಲ್ವ್, ಫೆಂಡರ್‌ನಲ್ಲಾದರೆ 12ಎಟಿ7, ಚಿಕ್ಕ ಟ್ರಾನ್ಸ್‌ಫಾರ್ಮರ್ ಮೂಲಕ ತಗಡಿನ ತಟ್ಟೆಯೊಳಗಿನ ಕಾಯಿಲ್‌ಗೆ ದೂಡುತ್ತದೆ. ಕಾಯಿಲ್ ಪುಟ್ಟ ಅಯಸ್ಕಾಂತವನ್ನು ತಿರುಚುತ್ತದೆ, ಅಯಸ್ಕಾಂತ ಸ್ಪ್ರಿಂಗನ್ನು ತಿರುಚುತ್ತದೆ. ಆ ತಿರುಚು ಸ್ಪ್ರಿಂಗಿನುದ್ದಕ್ಕೂ ಸಾಗಿ, ಇನ್ನೊಂದು ತುದಿಯ ಕಾಯಿಲ್‌ನಲ್ಲಿ ಮತ್ತೆ ವಿದ್ಯುತ್ತಾಗಿ ಹುಟ್ಟುತ್ತದೆ. ಸ್ವಲ್ಪ ಪಾಲು ತುದಿ ಬಡಿದು ಹಿಂದೆ ಬಂದು ಮತ್ತೆ ಹೋಗುತ್ತದೆ. ಒಮ್ಮೆ ದಾಟಲು ಬೇಕಾದದ್ದು ಸೆಕೆಂಡಿನ ಸಾವಿರದ ಮೂವತ್ತು ನಲವತ್ತು ಪಾಲು, ಕಿವಿ ಎಣಿಸಲಾರದಷ್ಟು ಕಡಿಮೆ. ಹೀಗೆ ದಾಟಿ ಬಂದದ್ದು ಕೆಲವೇ ಮಿಲಿವೋಲ್ಟ್. ಅದನ್ನು ಇನ್ನೊಂದು ವಾಲ್ವ್ ಎತ್ತಿ ಮೂಲ ಸ್ವರಕ್ಕೆ ಬೆರೆಸುತ್ತದೆ. ನೇರ ಸ್ವರದ ದಾರಿಯಲ್ಲಿ ಒಂದು ವಾಲ್ವ್ ಕಾಲುಭಾಗ ಸೊರಗಿದರೆ ನುಡಿಸುವವನು ವಾಲ್ಯೂಮ್ ಅರ್ಧ ಗೆರೆ ಏರಿಸುತ್ತಾನೆ, ಸೊರಗಿದ್ದು ಅವನ ಗಮನಕ್ಕೂ ಬರುವುದಿಲ್ಲ. ಸ್ಪ್ರಿಂಗಿನ ದಾರಿಯಲ್ಲಿ ದೂಡುವ ವಾಲ್ವ್ ಸೊರಗಿ, ಎತ್ತುವ ವಾಲ್ವೂ ಸೊರಗಿ, ನಡುವಿನ ಪ್ಲಗ್‌ನಲ್ಲಿ ಕಿಲುಬು ಹಿಡಿದರೆ ಮೂರು ಸಣ್ಣ ನಷ್ಟಗಳೂ ಒಂದನ್ನೊಂದು ಗುಣಿಸುತ್ತವೆ. ನಾನು ಮಿಗುತೆ ಎಂದದ್ದು ಇದನ್ನೇ.

ಹಾಗಾಗಿ ರಿವರ್ಬ್ ದೋಷವನ್ನು ಅರ್ಧಕ್ಕೆ ಸೀಳುವುದು ಮೊದಲ ಹೆಜ್ಜೆ, ಮತ್ತು ಅದಕ್ಕೆ ಮೀಟರ್ ಕೂಡ ಬೇಡ. ರಿವರ್ಬ್ ಗುಬುಟನ್ನು ಮಧ್ಯಕ್ಕೆ ತಿರುಗಿಸಿ ಪೆಟ್ಟಿಗೆಯ ಪಕ್ಕಕ್ಕೆ ಕೈಯಿಂದ ಒಂದು ಗುದ್ದು ಕೊಟ್ಟರೆ ತಟ್ಟೆಯೊಳಗಿನ ಸ್ಪ್ರಿಂಗುಗಳು ಅಲ್ಲಾಡಿ ಗುಡುಗಿನಂಥ ಸದ್ದು ಬರಬೇಕು. ಬಂದರೆ ಸ್ಪ್ರಿಂಗ್, ಅದರ ಹೊರತುದಿಯ ಕಾಯಿಲ್, ಎತ್ತುವ ವಾಲ್ವ್, ಬೆರೆಸುವ ಪಾಟ್ ಎಲ್ಲವೂ ಸರಿ. ರೋಗ ದೂಡುವ ಕಡೆಗಿದೆ. ಬಾರದಿದ್ದರೆ ಮರಳುವ ತಂತಿಯ ಪ್ಲಗ್ಗನ್ನು ತಟ್ಟೆಯಿಂದ ಕಿತ್ತು ಅದರ ನಡುಮೊಳೆಯನ್ನು ಮುಟ್ಟಿ ನೋಡಬೇಕು. ಹಮ್ಮಿಂಗ್ ಎದ್ದರೆ ಎತ್ತುವ ವಾಲ್ವ್ ಸರಿ ಇದೆ, ತಟ್ಟೆಯನ್ನು ಹೊರಗೆ ತೆಗೆಯಬೇಕಾದ ಹೊತ್ತು. ಎರಡೇ ನಿಮಿಷದ ಈ ಪರೀಕ್ಷೆ ಎಂಟು ಹತ್ತು ಅಂಗಗಳನ್ನು ಸಂಶಯದಿಂದ ಬಿಡುಗಡೆ ಮಾಡುತ್ತದೆ. ಆಮೇಲೆ ಮೀಟರ್. ಫೆಂಡರ್ ಬಗೆಯ ತಟ್ಟೆಯಲ್ಲಿ ಒಳಬರುವ ಕಾಯಿಲ್ ಒಂದು ಓಮ್ ಆಸುಪಾಸು, ಹೊರಹೋಗುವುದು 200 ಓಮ್ ಆಸುಪಾಸು ತೋರಿಸಬೇಕು. ಮುಳ್ಳು ಅಲುಗದಿದ್ದರೆ ಕಾಯಿಲ್ಲೇ ಸುಟ್ಟಿದೆ ಎಂದು ತೀರ್ಮಾನಿಸುವ ಮೊದಲು ಭೂತಗನ್ನಡಿ ಹಿಡಿಯುವುದು ಒಳ್ಳೆಯದು: ಕಾಯಿಲ್‌ನಿಂದ ಪ್ಲಗ್ಗಿಗೆ ಬರುವ ತಂತಿ ತಲೆಕೂದಲಿನಷ್ಟು ತೆಳು, ಮುರಿಯುವುದು ಹೆಚ್ಚಾಗಿ ಅಲ್ಲೇ. ಅದನ್ನು ಮತ್ತೆ ಬೆಸೆಯಲು ಕೈ ನಡುಗದಿದ್ದರೆ ಸಾಕು, ಹೊಸ ತಟ್ಟೆಯ ಖರ್ಚಿಲ್ಲ.

ತಟ್ಟೆಯನ್ನೇ ಬದಲಿಸಬೇಕಾಗಿ ಬಂದಾಗ ಆಗುವ ತಪ್ಪು ಬೇರೆ ಬಗೆಯದು. ಅದರ ಮೈಮೇಲೆ 4ಎಬಿ3ಸಿ1ಬಿ ಎಂಬಂಥ ಗುರುತು ಅಚ್ಚಾಗಿರುತ್ತದೆ, ಅಂಗಡಿಯವರು ಅದನ್ನು ಓದದೆ ಉದ್ದ ಅಳೆದು ಕೊಡುತ್ತಾರೆ. ಮೊದಲ 4 ಉದ್ದನೆಯ ಬಗೆ ಎಂದು, ಎ ಎಂದರೆ ಒಳಗಿನ ತಡೆ 8 ಓಮ್, ಬಿ ಎಂದರೆ ಹೊರಗಿನದು 2250 ಓಮ್, 3 ಎಂದರೆ ಬಾಲ ಉದ್ದ. ಮುಂದಿನ ಸಿ ಯಾವ ತುದಿ ತಗಡಿಗೆ ಅಂಟಿದೆ, ಯಾವುದು ಬಿಡಿ ಎಂದು ಹೇಳುತ್ತದೆ. ಕೊನೆಯ ಬಿ ತಟ್ಟೆಯನ್ನು ಬೋರಲು ಮಲಗಿಸಬೇಕೆಂದು. ಟ್ರಾನ್ಸಿಸ್ಟರ್ ಸೆಟ್ಟಿನಿಂದ ಕಿತ್ತ, ಎರಡನೇ ಜಾಗದಲ್ಲಿ ಇ ಇರುವ 600 ಓಮಿನ ತಟ್ಟೆಯನ್ನು 8 ಓಮಿನ ಟ್ರಾನ್ಸ್‌ಫಾರ್ಮರಿಗೆ ಕಟ್ಟಿದರೆ ಅದು ಸಾಯುವುದೂ ಇಲ್ಲ, ಬದುಕುವುದೂ ಇಲ್ಲ, ಪಿಸುಗುಟ್ಟುತ್ತದೆ. ಆಗ ವಾಲ್ವ್ ಬದಲಾಗುತ್ತದೆ, ಕಂಡೆನ್ಸರ್ ಬದಲಾಗುತ್ತದೆ, ಪಿಸುಮಾತು ಪಿಸುಮಾತಾಗಿಯೇ ಉಳಿಯುತ್ತದೆ. ಎರಡೂ ತುದಿ ತಗಡಿಗೆ ಅಂಟಿದ ತಟ್ಟೆ ಹಾಕಿದರೆ ಹಮ್ಮಿಂಗ್, ಎರಡೂ ತಂತಿಗಳನ್ನು ಅದಲುಬದಲು ಸಿಕ್ಕಿಸಿದರೆ ಮತ್ತೆ ಪಿಸುಮಾತು ಮತ್ತು ಹಮ್ಮಿಂಗ್ ಎರಡೂ. ಇವು ಯಾವುವೂ ವಯಸ್ಸಿನ ರೋಗಗಳಲ್ಲ, ಹಿಂದಿನ ರಿಪೇರಿ ಅಂಟಿಸಿ ಹೋದ ರೋಗಗಳು. ಹಳೆಯ ಆಂಪ್ಲಿಫೈಯರ್ ತೆರೆದಾಗ ಮೊದಲು ಕೇಳಬೇಕಾದ ಪ್ರಶ್ನೆ ಏನು ಸವೆದಿದೆ ಎಂಬುದಲ್ಲ, ಈ ಹಿಂದೆ ಯಾರು ಕೈ ಹಾಕಿದ್ದರು ಎಂಬುದು.

ಟ್ರೆಮೊಲೊದ ಲೆಕ್ಕ ಇನ್ನೂ ಬಿಗಿ, ಅದನ್ನು ಅಂಕಿಗಳಲ್ಲೇ ತೋರಿಸಬಹುದು. ನಿಧಾನವಾಗಿ ತೂಗುವ ಒಂದು ಅಲೆ ಬೇಕು, ಸೆಕೆಂಡಿಗೆ ನಾಲ್ಕರಿಂದ ಹತ್ತು ಸಲ. ಅದಕ್ಕಾಗಿ ಒಂದು ವಾಲ್ವಿನ ಹೊರಗನ್ನು ಮೂರು ಕಂಡೆನ್ಸರ್, ಮೂರು ರೆಸಿಸ್ಟರುಗಳ ಮೆಟ್ಟಿಲಿನ ಮೂಲಕ ಅದರ ಒಳಗಿಗೇ ಮರಳಿಸುತ್ತಾರೆ. ಪ್ರತಿ ಮೆಟ್ಟಿಲೂ ಅಲೆಯನ್ನು ಒಂದಿಷ್ಟು ಜರುಗಿಸುತ್ತದೆ, ಮೂರು ಸೇರಿ 180 ಡಿಗ್ರಿ; ವಾಲ್ವ್ ತಾನೇ ತಲೆಕೆಳಗು ಮಾಡುವುದರಿಂದ ಇನ್ನೊಂದು 180. ಸುತ್ತು ಪೂರ್ತಿಯಾಗಿ ಅಲೆ ತನ್ನನ್ನು ತಾನೇ ತಳ್ಳಿಕೊಳ್ಳುತ್ತದೆ. ಒಂದು ಮೆಗಓಮ್, 0.01 ಮೈಕ್ರೊಫ್ಯಾರಡ್ ಹಾಕಿದರೆ ಸೆಕೆಂಡಿಗೆ ಸುಮಾರು ಆರೂವರೆ ತೂಗು. ಆದರೆ ಈ ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಸಂಕೇತ 29 ಪಟ್ಟು ಕುಗ್ಗುತ್ತದೆ. ಅಂದರೆ ವಾಲ್ವ್ ಕನಿಷ್ಠ 29 ಪಟ್ಟು ಹಿಗ್ಗಿಸದಿದ್ದರೆ ತೂಗು ಹುಟ್ಟುವುದೇ ಇಲ್ಲ. 12ಎಎಕ್ಸ್7, ಯುರೋಪಿನವರ ಹೆಸರಿನಲ್ಲಿ ಇಸಿಸಿ83, 100 ಕಿಲೊಓಮ್ ಪ್ಲೇಟ್ ಲೋಡ್ ಮತ್ತು 1.5 ಕಿಲೊಓಮ್ ಕ್ಯಾಥೋಡ್ ರೆಸಿಸ್ಟರಿನೊಂದಿಗೆ ಸುಮಾರು 60 ಪಟ್ಟು ಕೊಡುತ್ತದೆ. ಎರಡರಷ್ಟು ಮಿಗುತೆ ಇದ್ದಂತೆ ಕಾಣುತ್ತದೆ. ಈಗ ಕ್ಯಾಥೋಡಿಗೆ ಸೇರಿಸಿದ ಪುಟ್ಟ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್ ಒಣಗಿದೆ ಎನ್ನಿ. ಅದೇ ವಾಲ್ವ್, ಅದೇ ವೋಲ್ಟೇಜ್, ಆದರೆ ಹಿಗ್ಗುವಿಕೆ 32ರ ಆಸುಪಾಸಿಗೆ ಇಳಿಯುತ್ತದೆ. ಮೆಟ್ಟಿಲುಗಳೇ ವಾಲ್ವಿನ ಮೇಲೆ ಹೊರಿಸುವ ಭಾರವನ್ನು ಕಳೆದರೆ 29 ಮುಟ್ಟುವುದಿಲ್ಲ, ನಡುಕ ನಿಲ್ಲುತ್ತದೆ. ಸ್ವರದ ದಾರಿಯಲ್ಲಿ ಇಂಥದೇ ಕಂಡೆನ್ಸರ್ ಒಣಗಿದ್ದರೆ ಆಂಪ್ಲಿಫೈಯರ್ ಸ್ವಲ್ಪ ಮೆತ್ತಗಾಗಿದೆ ಎಂದಷ್ಟೇ ಅನ್ನಿಸುತ್ತಿತ್ತು. ಕೆಲವು ರೂಪಾಯಿಯ ಒಂದೇ ಭಾಗ, ಒಂದು ಕಡೆ ಮೆತ್ತನೆಯ ಸ್ವರ, ಇನ್ನೊಂದು ಕಡೆ ಪೂರ್ಣ ಮೌನ. ಟ್ರೆಮೊಲೊ ಮೊದಲು ಸಾಯುವುದರಲ್ಲಿ ಕಾಕತಾಳೀಯ ಏನೂ ಇಲ್ಲ.

ಹುಟ್ಟಿದ ತೂಗನ್ನು ಸ್ವರಕ್ಕೆ ತಾಗಿಸುವ ದಾರಿಗಳು ಹಲವು. 1955ರ ಟ್ರೆಮೊಲಕ್ಸ್‌ನಿಂದ ಮುಂದೆ ಫೆಂಡರ್ ಒಂದೇ ದಶಕದಲ್ಲಿ ಮೂರು ನಾಲ್ಕು ಬಗೆ ಮಾಡಿ ನೋಡಿತು. ಟ್ವಿನ್ ರಿವರ್ಬ್, ಡಿಲಕ್ಸ್ ರಿವರ್ಬ್‌ಗಳಲ್ಲಿರುವುದು ನನಗೆ ಎಲ್ಲಕ್ಕಿಂತ ಚೆಂದ ಕಾಣುತ್ತದೆ. ಕಪ್ಪು ಕೊಳವೆಯೊಳಗೆ ಒಂದು ಪುಟ್ಟ ನಿಯಾನ್ ದೀಪ, ಅದರೆದುರಿಗೆ ಬೆಳಕು ಬಿದ್ದರೆ ತಡೆ ಕುಗ್ಗುವ ಒಂದು ಎಲ್‌ಡಿಆರ್. ತೂಗು ದೀಪವನ್ನು ಮಿಣುಕಿಸುತ್ತದೆ, ಮಿಣುಕಿದಾಗಲೆಲ್ಲ ಎಲ್‌ಡಿಆರ್ ಸ್ವರವನ್ನು ಸ್ವಲ್ಪ ನೆಲಕ್ಕೆ ಹರಿಸುತ್ತದೆ. ಇದರ ಪರೀಕ್ಷೆಯೂ ಅಷ್ಟೇ ಸರಳ: ಕೋಣೆ ಕತ್ತಲು ಮಾಡಿ ಕೊಳವೆಯ ತುದಿಯಲ್ಲಿ ಇಣುಕಿದರೆ ಕಿತ್ತಳೆ ಬೆಳಕು ಉಸಿರಾಡುವುದು ಕಾಣಬೇಕು. ಕಂಡರೆ ವಾಲ್ವ್, ಮೆಟ್ಟಿಲು, ದೀಪ ಮೂರೂ ಬದುಕಿವೆ, ಕೆಟ್ಟದ್ದು ಎಲ್‌ಡಿಆರ್ ಅಥವಾ ತೀವ್ರತೆಯ ಪಾಟ್. ಕಾಣದಿದ್ದರೆ ಹಿಂದೆ ನಡೆಯಬೇಕು. ಅದಕ್ಕೂ ಮೊದಲು ನೆನಪಿಡಬೇಕಾದದ್ದು ಕಾಲೊತ್ತು ಸ್ವಿಚ್. ಈ ಬಗೆಯ ಸೆಟ್ಟಿನಲ್ಲಿ ಅದನ್ನು ಸಿಕ್ಕಿಸದೆ ನಡುಕ ಶುರುವಾಗುವುದೇ ಇಲ್ಲ, ಮತ್ತು ಆ ಸ್ವಿಚ್ಚೋ ಮೊದಲ ಒಡೆಯನ ಮನೆಯ ಅಟ್ಟದಲ್ಲೇ ಉಳಿದಿರುತ್ತದೆ. ಎರಡು ತಂತಿ ಸೇರಿಸಿದ ಒಂದು ಪ್ಲಗ್ ಸಿಕ್ಕಿಸಿದರೆ ಅರ್ಧದಷ್ಟು ದೂರುಗಳು ಅಲ್ಲಿಗೇ ಮುಗಿಯುತ್ತವೆ ಎಂದರೆ ಉತ್ಪ್ರೇಕ್ಷೆ, ಆದರೆ ತೀರಾ ದೊಡ್ಡ ಉತ್ಪ್ರೇಕ್ಷೆಯಲ್ಲ. ಪ್ರಿನ್ಸ್‌ಟನ್ ರಿವರ್ಬ್‌ನಂಥ ಚಿಕ್ಕವುಗಳಲ್ಲಿ ತೂಗು ಔಟ್‌ಪುಟ್ ವಾಲ್ವಿನ ಬಯಾಸನ್ನೇ, ಅಂದರೆ ಅದರಲ್ಲಿ ಸದಾ ಹರಿಯುವ ಕರೆಂಟನ್ನು ನಿಗದಿ ಮಾಡುವ ವೋಲ್ಟೇಜನ್ನೇ, ಅಲುಗಿಸುತ್ತದೆ. ಅಲ್ಲಿ ಹೊಸ ವಾಲ್ವ್ ಹಾಕಿದವರು ಬಯಾಸನ್ನು ಬಿಸಿಯಾಗಿ ನಿಲ್ಲಿಸಿ ಹೋದರೆ ಟ್ರೆಮೊಲೊ ಸಪ್ಪೆಯಾಗುತ್ತದೆ, ಟ್ರೆಮೊಲೊದ ಯಾವ ಭಾಗವೂ ಕೆಟ್ಟಿರುವುದಿಲ್ಲ.

ಇಲ್ಲಿ ರೊದ್ದದ ಕರೆಂಟಿಗೆ ಮರಳಬೇಕು. ವಾಲ್ವಿನ ಹೀಟರ್ 6.3 ವೋಲ್ಟಿಗೆ ಕಟ್ಟಿದ್ದು, ಹತ್ತು ಪರ್ಸೆಂಟ್ ಆಚೀಚೆ ತಾಳುತ್ತದೆ. ಬೋರ್‌ವೆಲ್ ಮೋಟಾರುಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ, ಲೈನಿನ ತುದಿಯ ಊರಲ್ಲಿ, 230 ಇರಬೇಕಾದ ಕಡೆ 180 ಬಂದರೆ ಹೀಟರಿಗೆ ಸಿಗುವುದು 4.9 ವೋಲ್ಟ್. ಪ್ಲೇಟಿನ ಹೈವೋಲ್ಟೇಜೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಸ್ವರ ಬರುತ್ತದೆ, ಸೊರಗಿ ಬರುತ್ತದೆ. 29ರ ಗೆರೆಯ ಮೇಲೆ ಬೆರಳ ತುದಿಯಲ್ಲಿ ನಿಂತಿದ್ದ ಟ್ರೆಮೊಲೊ ಬೀಳುತ್ತದೆ. ಕೃಷಿಯ ಫೀಡರ್ ಬೇರೆಯಾದ ಕಡೆ ಈ ಕಷ್ಟ ತಗ್ಗಿದೆ, ಆದರೆ ಜಾತ್ರೆಯ ಜನರೇಟರ್ ಅದನ್ನು ವಾಪಸ್ ತರುತ್ತದೆ. ಅಮೆರಿಕದ 120 ವೋಲ್ಟಿನ ಸೆಟ್ಟಾದರೆ ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇರೆ ಇರುತ್ತದೆ. ಅಲ್ಲಿನ 60 ಹರ್ಟ್ಸ್‌ಗೆ ಸುತ್ತಿದ ಮೈನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲಿನ 50ರಲ್ಲಿ ಹೆಚ್ಚು ಕಾಯುತ್ತದೆ. ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನ ಆಯಸ್ಸು ಹತ್ತು ಡಿಗ್ರಿ ಕಾವು ಏರಿದಂತೆ ಹೆಚ್ಚುಕಡಿಮೆ ಅರ್ಧವಾಗುತ್ತದೆಂಬುದು ಒಪ್ಪಿತ ಲೆಕ್ಕ. ಬೇಸಗೆಯಲ್ಲಿ 40 ಡಿಗ್ರಿ ಮುಟ್ಟುವ ಅನಂತಪುರದ ಕಡೆ, ತಗಡಿನ ಶೀಟಿನ ಕೆಳಗೆ, ವಾಲ್ವುಗಳ ಕಾವಿನ ಪಕ್ಕದಲ್ಲಿ ಕುಳಿತ ಕಂಡೆನ್ಸರ್ ಎಷ್ಟು ಬೇಗ ಒಣಗುತ್ತದೆಂದು ಯಾರಾದರೂ ಊಹಿಸಬಹುದು. ಬೆಳಗ್ಗೆ ಬೆಂಗಳೂರಿನ ಅಂಗಡಿಯಲ್ಲಿ ಸರಿ ಇದ್ದ ಟ್ರೆಮೊಲೊ ಸಂಜೆ ಊರಿನ ವೇದಿಕೆಯಲ್ಲಿ ಸತ್ತರೆ ರಿಪೇರಿ ಮಾಡಿದವನು ಮೋಸ ಮಾಡಿದ ಎನ್ನಬೇಕಾಗಿಲ್ಲ. ಅವನು 230 ವೋಲ್ಟಿನಲ್ಲಷ್ಟೇ ಪರೀಕ್ಷಿಸಿದ.

ಎಲ್ಲವನ್ನೂ ಬದಲಿಸಿ ಎನ್ನುವವರ ವಾದ ಇಲ್ಲಿ ಬಲವಾಗಿ ಎದ್ದು ನಿಲ್ಲುತ್ತದೆ. ಅರವತ್ತು ವರ್ಷದ ಕಂಡೆನ್ಸರುಗಳು ಇಂದಲ್ಲ ನಾಳೆ ಹೋಗುವಂಥವೇ. ಹುಡುಕುತ್ತ ಕೂರುವ ಗಂಟೆಗಳ ಕೂಲಿಗಿಂತ ಎಲ್ಲ ಹೊಸತು ಹಾಕುವುದು ಅಗ್ಗ. ನೂರು ಕಿಲೋಮೀಟರ್ ಆಚೆಯ ಗಿರಾಕಿ ಮತ್ತೆ ಮತ್ತೆ ಬರಲಾರ. ಎಲೆಕ್ಟ್ರೊಲಿಟಿಕ್‌ಗಳ ಮಟ್ಟಿಗೆ ಈ ವಾದವನ್ನು ಪೂರ್ತಿ ಒಪ್ಪಬೇಕು. ಅವು ಗಾಡಿಯ ಟೈರಿದ್ದಂತೆ, ಸವೆಯಲೆಂದೇ ಇರುವಂಥವು. ಹೈವೋಲ್ಟೇಜಿನ ಫಿಲ್ಟರುಗಳು, ಕ್ಯಾಥೋಡಿನವು, ಬಯಾಸಿನದು, ಇವನ್ನು ವಯಸ್ಸು ನೋಡಿಯೇ ಬದಲಿಸಬಹುದು. ಆದರೆ ಅದೇ ಉತ್ಸಾಹದಲ್ಲಿ ಸಂಕೇತದ ದಾರಿಯ ಫಿಲ್ಮ್ ಕಂಡೆನ್ಸರುಗಳಿಗೆ, ಮೆಟ್ಟಿಲಿನ ಕಂಡೆನ್ಸರುಗಳಿಗೆ, ದೀಪದ ಕೊಳವೆಗೆ ಕೈ ಹಾಕುವುದು ಬೇರೆ ಮಾತು. ಅಳೆದು ನೋಡಿ ಸೋರುತ್ತಿದ್ದರೆ ಬದಲಿಸಿ, ಸೋರದಿದ್ದರೆ ಅವು ಇನ್ನೊಂದು ತಲೆಮಾರು ನಡೆಯುತ್ತವೆ. ಇನ್ನೂ ದೊಡ್ಡ ಅಡ್ಡಿ ಇದೆ: ಐವತ್ತು ಬೆಸುಗೆ ಬಿಚ್ಚಿ ಐವತ್ತು ಹೊಸತು ಹಾಕಿದಾಗ ಅವುಗಳಲ್ಲಿ ಒಂದು ಡ್ರೈ ಸಾಲ್ಡರ್ ಆದರೂ ಹೊಸ ದೋಷ ಹುಟ್ಟಿತು, ಹಳೆಯ ದೋಷ ಯಾವುದೆಂದು ಗೊತ್ತಾಗುವ ದಾರಿಯೂ ಮುಚ್ಚಿತು. ತಂತಿಗಳನ್ನು ಎಲ್ಲೆಂದರಲ್ಲಿ ಸರಿಸಿದ್ದರಿಂದ ಟ್ರೆಮೊಲೊದ ತೂಗು ಪಕ್ಕದ ತಂತಿಗೆ ಹತ್ತಿ, ಗಡಿಯಾರದಂತೆ ಟಿಕ್ ಟಿಕ್ ಎನ್ನುವ ಸೆಟ್ಟುಗಳು ಹೀಗೇ ಹುಟ್ಟುತ್ತವೆ. ಮೊದಲು ಇಲ್ಲದಿದ್ದ ಟಿಕ್ ಟಿಕ್ ರಿಪೇರಿಯ ನಂತರ ಬಂದರೆ ಮೊದಲು ಒಂದು ಕಡ್ಡಿಯಿಂದ ತಂತಿಗಳನ್ನು ಸರಿಸಿ ನೋಡಬೇಕು, ಆಮೇಲೆ ಉಳಿದದ್ದು.

ಏನನ್ನೂ ಮುಟ್ಟಬೇಡಿ ಎನ್ನುವ ಸಂಗ್ರಾಹಕರಿಗೆ ಕೊಡುವ ಉತ್ತರ ಚಿಕ್ಕದು. ಆ ಕಾಲದ ಅಮೆರಿಕನ್ ಸೆಟ್ಟುಗಳಿಗೆ ಎರಡು ಪಿನ್ನಿನ ವಯರು, ಒಂದು ಕಡೆಯ ಮೈನ್ಸಿನಿಂದ ತಗಡಿಗೆ ಒಂದು ಕಂಡೆನ್ಸರ್. ಅದು ಸೋರಿದ ದಿನ ಗಿಟಾರಿನ ತಂತಿಯೇ ಮೈನ್ಸು, ಎದುರಿಗಿನ ಮೈಕ್ ಮುಟ್ಟಿದ ತುಟಿಯೇ ಅರ್ಥಿಂಗು. ಅದನ್ನು ಕಿತ್ತು ಮೂರು ಪಿನ್ನಿನ ವಯರು ಹಾಕುವುದರಿಂದ ಬೆಲೆ ಇಳಿಯುವುದಾದರೆ ಇಳಿಯಲಿ. ಒಳಗೆ ಕೈ ಹಾಕುವವರೂ ಮರೆಯಬಾರದ್ದೊಂದಿದೆ: ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರುಗಳಲ್ಲಿ 400 ವೋಲ್ಟಿಗೂ ಹೆಚ್ಚು ಕೂತಿರಬಹುದು. ಅದನ್ನು ದೊಡ್ಡ ವ್ಯಾಟಿನ ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಬೆರಳು. ಸ್ಕ್ರೂಡ್ರೈವರಿನಿಂದ ಫಟ್ ಅನ್ನಿಸುವ ಅಭ್ಯಾಸ ಮೈಕ್‌ಸೆಟ್ಟಿನವರಲ್ಲಿ ಬಹಳವಿದೆ. ಅದು ಕಂಡೆನ್ಸರಿಗೂ ಒಳ್ಳೆಯದಲ್ಲ, ಕಣ್ಣಿಗೂ ಅಲ್ಲ.

ಪೆಡಲ್ ಪಂಥದವರ ಮಾತು ಇವರಿಬ್ಬರದಕ್ಕಿಂತ ಕಠಿಣ, ಏಕೆಂದರೆ ಅದು ಸಂಗೀತಗಾರನ ಮಾತು. ಇವತ್ತು ಪಿಟಿ2399 ಎಂಬ ಅಗ್ಗದ ಚಿಪ್ ಒಂದೇ ಕರೋಕೆ ಸೆಟ್ಟಿನಿಂದ ಹಿಡಿದು ಗಿಟಾರ್ ಪೆಡಲ್‌ವರೆಗೆ ಎಲ್ಲೆಲ್ಲೂ ಎಕೋ ಕೊಡುತ್ತಿದೆ. ಅದಕ್ಕಿಂತ ಮೇಲಿನ ಡಿಜಿಟಲ್ ಪೆಡಲುಗಳು ಸ್ಪ್ರಿಂಗಿನ ಸದ್ದನ್ನೂ ನಿಯಾನ್ ದೀಪದ ಉಸಿರಾಟವನ್ನೂ ಚೆನ್ನಾಗಿಯೇ ಅನುಕರಿಸುತ್ತವೆ. ವೇದಿಕೆಯ ಕೆಳಗೆ ಕೂತವರಿಗೆ ವ್ಯತ್ಯಾಸ ಗೊತ್ತಾಗುತ್ತದೆಯೇ? ಬಹುಪಾಲು ಗೊತ್ತಾಗುವುದಿಲ್ಲ. ಇಂದು ರಾತ್ರಿಯೇ ಆರ್ಕೆಸ್ಟ್ರಾ ಇದ್ದರೆ ಪೆಡಲ್ ತರುವುದೇ ವಿವೇಕ, ಇದರಲ್ಲಿ ವಾದವಿಲ್ಲ. ನನ್ನ ತಕರಾರು ಮರುದಿನದ್ದು. ಟ್ರೆಮೊಲೊ ನಿಂತದ್ದು ಒಣಗಿದ ಕ್ಯಾಥೋಡ್ ಕಂಡೆನ್ಸರಿನಿಂದಲಾದರೆ, ಅದೇ ವಯಸ್ಸಿನ ಅದರ ಅಣ್ಣತಮ್ಮಂದಿರು ಹೈವೋಲ್ಟೇಜ್ ಸಾಲಿನಲ್ಲೂ ಕೂತಿದ್ದಾರೆ. ರಿವರ್ಬ್ ಕುಗ್ಗಿದ್ದು ಪ್ಲೇಟಿನ ವೋಲ್ಟೇಜ್ ಕುಸಿದದ್ದರಿಂದಲಾದರೆ ಅದು ಫಿಲ್ಟರಿನ ಸುದ್ದಿ. ಪೆಡಲ್ ಆ ಸುದ್ದಿಯನ್ನು ಕಿವಿಗೆ ಬೀಳದಂತೆ ಮಾಡುತ್ತದೆ, ಫಿಲ್ಟರ್ ಮಾತ್ರ ತನ್ನ ಪಾಡಿಗೆ ಉಬ್ಬುತ್ತ ಹೋಗುತ್ತದೆ. ಅದು ಶಾರ್ಟ್ ಆದ ದಿನ ಹೋಗುವುದು ಮೈನ್ಸ್ ಟ್ರಾನ್ಸ್‌ಫಾರ್ಮರ್, ಮತ್ತು ಅದಕ್ಕೆ ಪೆಡಲ್ ಇಲ್ಲ.

ಉಳಿಯುವುದು ಕೈ ಮತ್ತು ಮಾಲಿನ ಪ್ರಶ್ನೆ: ವಾಲ್ವ್ ಬಲ್ಲವರು ಎಲ್ಲಿದ್ದಾರೆ, ವಾಲ್ವ್ ಎಲ್ಲಿ ಸಿಗುತ್ತದೆ? ಈ ಅಳುಕು ಕರ್ನಾಟಕಕ್ಕೆ ಅಂಟಿಕೊಂಡ ಸೀಮೆಗೆ ಒಪ್ಪುವಂಥದಲ್ಲ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1961ರಿಂದ ರೇಡಿಯೊ ವಾಲ್ವುಗಳನ್ನು ತಯಾರಿಸಿತು; ದೇಶದ ಮನೆಮನೆಯ ರೇಡಿಯೊಗಳಲ್ಲಿ ಅವು ಉರಿದವು. ಟ್ರೆಮೊಲೊದ ತೂಗು ಹುಟ್ಟಿಸುವ ಇಸಿಸಿ83, ವಾಕ್ಸ್ ಎಸಿ30ರಂಥ ಇಂಗ್ಲಿಷ್ ಗಿಟಾರ್ ಆಂಪ್ಲಿಫೈಯರುಗಳಲ್ಲಿ ಹೆಸರು ಮಾಡಿದ ಇಎಲ್84, ಎರಡಕ್ಕೂ ಬಿಇಎಲ್ ಮುದ್ರೆಯಿತ್ತು. ಹಳೆಯ ರೇಡಿಯೊ ರಿಪೇರಿಯವರ ಡಬ್ಬಿಗಳಲ್ಲಿ, ಬೆಂಗಳೂರಿನ ಎಸ್.ಪಿ. ರೋಡಿನ ಗಲ್ಲಿಗಳಲ್ಲಿ ಆ ಮುದ್ರೆ ಇನ್ನೂ ಕಣ್ಣಿಗೆ ಬಿದ್ದೀತು. ಕೈಯ ವಿಷಯವೂ ಹಾಗೇ. ವಾಲ್ವ್ ರೇಡಿಯೊ ರಿಪೇರಿ ಕಲಿತವರಿಗೆ ರಿವರ್ಬ್, ಟ್ರೆಮೊಲೊ ಎಂಬ ಹೆಸರುಗಳು ಹೊಸವಿರಬಹುದು, ಒಳಗಿನ ಸರಕು ಹೊಸತಲ್ಲ. ದೂಡುವ ವಾಲ್ವ್ ರೇಡಿಯೊದ ಔಟ್‌ಪುಟ್ ಹಂತದ ತಮ್ಮ, ಚಿಕ್ಕ ಟ್ರಾನ್ಸ್‌ಫಾರ್ಮರ್ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತಮ್ಮ. ತೂಗು ಹುಟ್ಟಿಸುವ ಹಂತವನ್ನು ರೇಡಿಯೊದ ಆಸಿಲೇಟರಿನ ತೀರಾ ನಿಧಾನದ ನೆಂಟ ಎನ್ನಬಹುದು. ಕೊರತೆ ಇರುವುದು ಆ ಜ್ಞಾನವನ್ನು ದಾಟಿಸಿಕೊಳ್ಳುವವರದು. ಮೊಬೈಲ್ ರಿಪೇರಿಯಲ್ಲಿ ಬೋರ್ಡನ್ನೇ ಬದಲಿಸಿ ರೂಢಿಯಾದ ಹುಡುಗರಿಗೆ ಒಂದೊಂದು ಮೊಳೆಯ ವೋಲ್ಟೇಜ್ ಅಳೆಯುವ ತಾಳ್ಮೆ ಬರಲು ಹೊತ್ತು ಬೇಕು.

ಅಳೆಯುವುದಕ್ಕೆ ಬೇಕಾದ ಸಲಕರಣೆ ಹೆಚ್ಚಿಲ್ಲ. ಒಂದು ಮೀಟರ್, ಚೆನ್ನಾಗಿದೆಯೆಂದು ಗೊತ್ತಿರುವ ಒಂದೊಂದು ವಾಲ್ವ್, ಮತ್ತು ಮೈನ್ಸನ್ನು ಏರಿಳಿಸುವ ಒಂದು ವೇರಿಯಾಕ್. ಈ ಕೊನೆಯದನ್ನು ಸಾಮಾನ್ಯವಾಗಿ ಬಹುಕಾಲ ಮಲಗಿದ್ದ ಸೆಟ್ಟನ್ನು ಮೆಲ್ಲಗೆ ಎಬ್ಬಿಸಲು ಬಳಸುತ್ತಾರೆ. ರೊದ್ದಂ ಕಡೆ ಹೋಗಬೇಕಾದ ಆಂಪ್ಲಿಫೈಯರಿಗೆ ಅದನ್ನು ಕೊನೆಯಲ್ಲೂ ಬಳಸಬೇಕು. ಎಲ್ಲ ಮುಗಿದು ನಡುಕ ಸರಿಯಾಗಿ ತೂಗುತ್ತಿರುವಾಗ, ಸ್ಪೀಡನ್ನು ಅತಿ ನಿಧಾನಕ್ಕೆ ತಿರುಗಿಸಿ, ವೇರಿಯಾಕನ್ನು 230ರಿಂದ ಹತ್ತು ಹತ್ತಾಗಿ ಇಳಿಸುತ್ತ ಬಂದು ಎಲ್ಲಿ ತೂಗು ನಿಲ್ಲುತ್ತದೆಂದು ನೋಡಬೇಕು. 170ರವರೆಗೂ ತೂಗುತ್ತಲೇ ಇದ್ದರೆ ಸೆಟ್ಟು ಹೊರಡಬಹುದು. 210ಕ್ಕೇ ನಿಂತರೆ ವಾಲ್ವ್ ಬದಲಿಸಿ ಮತ್ತೊಮ್ಮೆ ಇಳಿಸಿ ನೋಡಬೇಕು, ಆಗಲೂ ನಿಂತರೆ ಪ್ಲೇಟ್ ಲೋಡಿನ ಹಳೆಯ ಕಾರ್ಬನ್ ರೆಸಿಸ್ಟರುಗಳನ್ನು ಅಳೆಯಬೇಕು, ಏಕೆಂದರೆ ಅವು ವಯಸ್ಸಾದಂತೆ ಮೇಲೇರುತ್ತವೆ. ನಿಂತ ಆ ಅಂಕಿಯನ್ನು ತಾರೀಕಿನೊಂದಿಗೆ ಮುಚ್ಚಳದ ಒಳಮೈಗೆ ಪೆನ್ಸಿಲಿನಲ್ಲಿ ಬರೆದಿಟ್ಟರೆ, ಐದು ವರ್ಷದ ಮೇಲೆ ಅದೇ ಸೆಟ್ಟು ಮತ್ತೆ ಮೇಜಿಗೆ ಬಂದಾಗ ಎಷ್ಟು ಸವೆದಿದೆಯೆಂದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ.